ಔಷಧಿ ತಪ್ಪು ಎಷ್ಟು ಎಂದು ಕೇಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸ್‌ಗಳಿದ್ದೀರಿ, ಫಾರ್ಮಾಸಿಸ್ಟ್‌ಗಳಿದ್ದೀರಿ, ವೈದ್ಯರಿದ್ದೀರಿ, ಆಸ್ಪತ್ರೆಯ ಆಡಳಿತ ನೋಡುವವರೂ ಇದ್ದೀರಿ. ನಿಮಗೆಲ್ಲರಿಗೂ ಬೇಕಾದ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

2002ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕೊಲರಾಡೊ ಮತ್ತು ಜಾರ್ಜಿಯಾ ರಾಜ್ಯಗಳ 36 ಆಸ್ಪತ್ರೆ ಮತ್ತು ಆರೈಕೆ ಕೇಂದ್ರಗಳಲ್ಲಿ ರೋಗಿಗಳ ಸುಮಾರು 2,500 ಡೋಸ್‌ಗಳನ್ನು ಆರಿಸಿಕೊಂಡರು. ಇವುಗಳಲ್ಲಿ ಎಷ್ಟು ತಪ್ಪಾಗಿವೆ ಎಂದು ಮೂರು ದಾರಿಯಲ್ಲಿ ಹುಡುಕಿದರು. ಒಂದು, ಔಷಧಿ ಕೊಡುವಾಗ ಪಕ್ಕದಲ್ಲೇ ನಿಂತು ನೋಡುವುದು. ಎರಡು, ಆಮೇಲೆ ಕೇಸ್ ಶೀಟ್ ಓದುವುದು. ಮೂರು, ಸಿಬ್ಬಂದಿ ತಾವಾಗಿ ಬರೆದುಕೊಟ್ಟ ಇನ್ಸಿಡೆಂಟ್ ರಿಪೋರ್ಟ್‌ಗಳನ್ನು ನೋಡುವುದು. ಒಬ್ಬ ಫಾರ್ಮಾಸಿಸ್ಟ್ ಪರಿಶೀಲಿಸಿ ಹೌದು, ಇದು ತಪ್ಪೇ ಎಂದು ಖಚಿತಪಡಿಸಿದವು 457. ಅವುಗಳಲ್ಲಿ ನಿಂತು ನೋಡಿದವರು ಹಿಡಿದದ್ದು 300. ಕೇಸ್ ಶೀಟ್ ಓದಿದವರು ಹಿಡಿದದ್ದು 17. ಇನ್ಸಿಡೆಂಟ್ ರಿಪೋರ್ಟಿನಲ್ಲಿ ಸಿಕ್ಕಿದ್ದು 1.

ಒಂದೇ ಒಂದು! ಅದೇ ರೋಗಿಗಳು, ಅದೇ ದಿನಗಳು. ಹುಡುಕುವ ದಾರಿ ಬದಲಾದಾಗ ಸಂಖ್ಯೆ 300 ಪಟ್ಟು ಬದಲಾಯಿತು.

ಹಾಗಾದರೆ ‘ನಿಮ್ಮ ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಔಷಧಿ ತಪ್ಪು ಆಗುತ್ತದೆ?’ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು? ನನ್ನ ಪ್ರಕಾರ ತಿರುಗಿ ಎರಡು ಪ್ರಶ್ನೆ ಕೇಳಬೇಕು. ಹೇಗೆ ಹುಡುಕಿದ್ದು? ಯಾವುದರಿಂದ ಭಾಗಿಸಿದ್ದು? ಈ ಎರಡಕ್ಕೆ ಉತ್ತರವಿಲ್ಲದ ಸಂಖ್ಯೆಗೆ ಸುರಕ್ಷತೆಯ ಬಗ್ಗೆ ಹೇಳಲು ಏನೂ ಇಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ತಪ್ಪು ಬೇರೆ, ಹಾನಿ ಬೇರೆ. ಬೆಳಿಗ್ಗೆ ಕೊಡಬೇಕಾದ ವಿಟಮಿನ್ ಮಾತ್ರೆಯನ್ನು ಮಧ್ಯಾಹ್ನ ಕೊಟ್ಟರೆ ತಪ್ಪಾಯಿತು, ಹಾನಿ ಆಗಲಿಲ್ಲ. ಹಿಂದೆಂದೂ ಅಲರ್ಜಿ ಆಗದ ರೋಗಿಗೆ ಸರಿಯಾದ ಪೆನಿಸಿಲಿನ್ ಡೋಸ್ ಕೊಟ್ಟಾಗ ಮೈತುಂಬ ದದ್ದು ಬಂದರೆ ಹಾನಿ ಆಯಿತು, ಯಾರ ತಪ್ಪೂ ಇಲ್ಲ. ಇವೆರಡೂ ಸೇರುವ ಜಾಗ ಇದೆಯಲ್ಲ, ತಪ್ಪಿನಿಂದಲೇ ಆದ ಹಾನಿ, ಅದನ್ನು ತಡೆಯುವುದು ನಮ್ಮ ಗುರಿ. ಕೆಲವು ಸಾಧನಗಳು ತಪ್ಪನ್ನು ಎಣಿಸುತ್ತವೆ, ಕೆಲವು ಹಾನಿಯನ್ನು ಎಣಿಸುತ್ತವೆ. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ ಹೋಲಿಸಿದ ವರದಿಗಳನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ.

ಈಗ ವರದಿಗಳ ವಿಷಯ. ಎಲ್ಲ ಆಸ್ಪತ್ರೆಗಳಲ್ಲೂ ಒಂದು ಫಾರ್ಮ್ ಇರುತ್ತದೆ. ತಪ್ಪಾದರೆ ತುಂಬಿ ಕೊಡಿ ಅನ್ನುತ್ತಾರೆ. ಯಾರು ತುಂಬುತ್ತಾರೆ? ತಪ್ಪಾಗಿದೆ ಎಂದು ಗೊತ್ತಾದವರು, ಡ್ಯೂಟಿ ಮುಗಿದ ಮೇಲೂ ಸಮಯ ಇದ್ದವರು, ಮತ್ತೆ ಬರೆದರೆ ಬೈಗುಳ ಬೀಳುವುದಿಲ್ಲ ಎಂಬ ನಂಬಿಕೆ ಇದ್ದವರು. ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಮೊದಲನೆಯದನ್ನು ನಾವು ಮರೆಯುತ್ತೇವೆ. ತಪ್ಪು ಡೋಸ್ ಕೊಟ್ಟವರಿಗೆ ಅದು ತಪ್ಪು ಎಂದು ಆ ಹೊತ್ತಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಕೊಡುತ್ತಲೇ ಇರಲಿಲ್ಲ ಅಲ್ವಾ? ಆದ್ದರಿಂದ ಎಲ್ಲರೂ ಪ್ರಾಮಾಣಿಕರಾಗಿದ್ದರೂ ವರದಿಗಳ ಸಂಖ್ಯೆ ಕಡಿಮೆಯೇ ಇರುತ್ತದೆ.

ಇನ್ನು ಭಯದ ಮಾತು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಆಸ್ಪತ್ರೆಯ ತಂಡಗಳನ್ನು ಗಮನಿಸಿ, ಒಳ್ಳೆಯ ಹೊಂದಾಣಿಕೆ ಇರುವ ತಂಡದಲ್ಲಿ ಔಷಧಿ ತಪ್ಪು ಕಡಿಮೆ ಇರುತ್ತದೆ ಎಂದು ತೋರಿಸಲು ಅವರು ಹೊರಟಿದ್ದರು. ಅಂಕಿಅಂಶ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಒಳಗೆ ಹೋಗಿ ನೋಡಿದರೆ ಕಾರಣ ಬೇರೆ ಇತ್ತು. ಆ ತಂಡಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಅಂದರೆ ವರದಿಗಳ ಸಂಖ್ಯೆ ಬಹುಮಟ್ಟಿಗೆ ಆ ವಾರ್ಡಿನ ಧೈರ್ಯವನ್ನು ಅಳೆಯುತ್ತದೆ. ‘ಈ ತಿಂಗಳು ಸೊನ್ನೆ ತಪ್ಪು’ ಎಂದು ಬರೆದ ವಾರ್ಡಿಗೆ ಬಹುಮಾನ ಕೊಡುವ ಆಸ್ಪತ್ರೆಗಳಿವೆ. ದಯವಿಟ್ಟು ಅದನ್ನು ನಿಲ್ಲಿಸಿ. ಬಹುಮಾನ ಕೊಟ್ಟಷ್ಟೂ ಫಾರ್ಮ್‌ಗಳು ಕಪಾಟಿನಲ್ಲೇ ಉಳಿಯುತ್ತವೆ.

ಹಾಗಾದರೆ ವರದಿ ವ್ಯವಸ್ಥೆ ದಂಡವೇ? ಖಂಡಿತ ಅಲ್ಲ. ಅದರ ಬೆಲೆ ಇರುವುದು ಕಥೆಯಲ್ಲಿ, ಎಣಿಕೆಯಲ್ಲಲ್ಲ. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಗಾಢವಾದ ಪೊಟ್ಯಾಸಿಯಂ ಕ್ಲೋರೈಡ್ ಬಾಟಲಿ ವಾರ್ಡಿನ ಕಪಾಟಿನಲ್ಲಿ ಬೇರೆ ಔಷಧಿಗಳ ಪಕ್ಕ ಇದ್ದದ್ದರಿಂದ ಆದ ಸಾವುಗಳಿವೆ. ಇಂಥವು ಅಪರೂಪ. ಒಂದು ಆಸ್ಪತ್ರೆಯಲ್ಲಿ ನಿಂತು ನೋಡುತ್ತಾ ಕೂತರೆ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಬೇರೆ ಬೇರೆ ಕಡೆಯ ವರದಿಗಳು ಒಂದೆಡೆ ಸೇರಿದಾಗ ‘ಅರೆ, ಇದು ಎಲ್ಲ ಕಡೆ ಆಗ್ತಿದೆ’ ಎಂದು ಗೊತ್ತಾಗುತ್ತದೆ. ಪೊಟ್ಯಾಸಿಯಂ ಬಾಟಲಿಗಳನ್ನು ವಾರ್ಡ್‌ಗಳಿಂದ ತೆಗೆಯಬೇಕು ಎಂಬ ಎಚ್ಚರ ಬಂದದ್ದು ಹೀಗೆ.

ಬಂದ ವರದಿಗಳನ್ನು ವಿಂಗಡಿಸಲು ಒಂದು ಒಳ್ಳೆಯ ಮಾಪನ ಇದೆ. ಎನ್‌ಸಿಸಿ ಮೆರ್ಪ್ ಎಂಬ ಅಮೆರಿಕದ ಮಂಡಳಿ 1996ರಲ್ಲಿ ಅದನ್ನು ತಂದಿತು. ಎ ಯಿಂದ ಐ ವರೆಗೆ ಒಂಬತ್ತು ಮೆಟ್ಟಿಲು. ಎ ಅಂದರೆ ತಪ್ಪಾಗುವ ಸನ್ನಿವೇಶ ಇದೆ, ಇನ್ನೂ ಆಗಿಲ್ಲ. ಬಿ ಅಂದರೆ ತಪ್ಪಾಯಿತು, ರೋಗಿಯನ್ನು ಮುಟ್ಟಲಿಲ್ಲ. ಸಿ, ಮುಟ್ಟಿತು, ಹಾನಿ ಇಲ್ಲ. ಡಿ, ಹಾನಿ ಆಗಿಲ್ಲ ಎಂದು ಖಾತರಿ ಮಾಡಿಕೊಳ್ಳಲು ರೋಗಿಯ ಮೇಲೆ ಕಣ್ಣಿಡಬೇಕಾಯಿತು. ಇ ಯಿಂದ ಹಾನಿ ಶುರು: ತಾತ್ಕಾಲಿಕ ಹಾನಿ, ಆಸ್ಪತ್ರೆವಾಸ ಹೆಚ್ಚಾದದ್ದು, ಶಾಶ್ವತ ಹಾನಿ, ಜೀವ ಉಳಿಸಲು ಓಡಾಡಬೇಕಾಗಿ ಬಂದದ್ದು, ಕೊನೆಗೆ ಐ, ಸಾವು. ನನಗೆ ಇದರಲ್ಲಿ ಇಷ್ಟವಾಗುವುದು ಎ ಮತ್ತು ಬಿ. ಒಂದೇ ಬಣ್ಣದ ಎರಡು ಆಂಪ್ಯೂಲ್‌ಗಳು ಅಕ್ಕಪಕ್ಕ ಇವೆ ಎಂದು ನರ್ಸ್ ಬರೆದುಕೊಟ್ಟರೆ ಅದು ಎ. ಯಾರಿಗೂ ಏನೂ ಆಗಿಲ್ಲ, ಯಾರನ್ನೂ ದೂರಬೇಕಿಲ್ಲ, ರ್‍ಯಾಕ್ ಬದಲಿಸಿದರೆ ಕೆಲಸ ಮುಗಿಯಿತು. ನಿಮ್ಮಲ್ಲಿ ಬರುವ ವರದಿಗಳಲ್ಲಿ ಎ, ಬಿ ಒಂದೂ ಇಲ್ಲದೆ ಬರೀ ಎಫ್, ಜಿ ಇದ್ದರೆ ಮುಚ್ಚಿಡಲಾಗದ್ದು ಮಾತ್ರ ಹೊರಗೆ ಬರುತ್ತಿದೆ ಎಂದು ತಿಳಿಯಿರಿ. ಅಂದ ಹಾಗೆ, ತಪ್ಪಿನ ದರ ಹಿಡಿದು ಒಂದು ಆಸ್ಪತ್ರೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ ಎಂದು ಆ ಮಂಡಳಿಯೇ ಹೇಳಿದೆ.

ಎರಡನೆಯ ದಾರಿ ಕೇಸ್ ಶೀಟ್ ಓದುವುದು. ದೊಡ್ಡ ಸುದ್ದಿಯಾದ ಸಂಖ್ಯೆಗಳೆಲ್ಲ ಬಂದದ್ದು ಇಲ್ಲಿಂದಲೇ. ನ್ಯೂಯಾರ್ಕ್ ರಾಜ್ಯದ 51 ಆಸ್ಪತ್ರೆಗಳ 1984ರ 30 ಸಾವಿರಕ್ಕೂ ಹೆಚ್ಚು ಕೇಸ್ ಶೀಟ್‌ಗಳನ್ನು ಹಾರ್ವರ್ಡ್ ತಂಡ ಓದಿ, 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾಖಲಾದವರಲ್ಲಿ ಶೇ. 3.7 ಮಂದಿಗೆ ಚಿಕಿತ್ಸೆಯಿಂದಲೇ ಹಾನಿ ಆಗಿತ್ತು. ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಜನ ವೈದ್ಯಕೀಯ ತಪ್ಪಿನಿಂದ ಸಾಯುತ್ತಾರೆ ಎಂದು 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿತಲ್ಲ, ಅದರ ಬೇರು ಇದರಲ್ಲಿ ಮತ್ತು ಇಂಥದ್ದೇ ಇನ್ನೊಂದು ಅಧ್ಯಯನದಲ್ಲಿ ಇದೆ. ಕೇಸ್ ಶೀಟ್ ಓದುವುದರಲ್ಲಿ ಎರಡು ತೊಂದರೆ. ಬರೆಯದೆ ಬಿಟ್ಟದ್ದು ಸಿಗುವುದಿಲ್ಲ. ಮತ್ತೆ, ಒಂದೇ ಕೇಸ್ ಶೀಟನ್ನು ಇಬ್ಬರು ವೈದ್ಯರ ಕೈಗೆ ಕೊಟ್ಟರೆ ‘ಇದನ್ನು ತಡೆಯಬಹುದಿತ್ತೇ’ ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ ಎಂಬ ಭರವಸೆ ಇಲ್ಲ. ಮೇಲಾಗಿ ಸಾವಿರಾರು ಕೇಸ್ ಶೀಟ್ ಓದಲು ಯಾರಿಗೆ ಪುರುಸೊತ್ತಿದೆ?

ಈ ಪುರುಸೊತ್ತಿನ ಸಮಸ್ಯೆಗೆ ಹುಟ್ಟಿದ್ದೇ ಟ್ರಿಗರ್ ಟೂಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಕಡಿಮೆ ಖರ್ಚಿನಲ್ಲಿ ಜಾಸ್ತಿ ತಿಳಿಸುವ ಸಾಧನ ಇದು.

ಯೋಚನೆ ಸರಳ. ಇಡೀ ಕೇಸ್ ಶೀಟ್ ಓದಬೇಡಿ, ಸುಳಿವುಗಳನ್ನು ಮಾತ್ರ ಹುಡುಕಿ. ರೋಗಿಗೆ ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಮಾರ್ಫಿನ್‌ನಂಥ ಔಷಧಿ ಅತಿಯಾಗಿರಬಹುದು. ರಕ್ತದ ಸಕ್ಕರೆ 50ಕ್ಕಿಂತ ಕೆಳಗೆ ಹೋಗಿದೆಯೇ? ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯ ಲೆಕ್ಕ ತಪ್ಪಿರಬಹುದು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ 6ನ್ನು ದಾಟಿದೆಯೇ, ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಕೊಟ್ಟಿದ್ದಾರೆಯೇ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕಡೆ ನೋಡಿ. ಚೆನ್ನಾಗಿ ನಡೆಯುತ್ತಿದ್ದ ಔಷಧಿಯನ್ನು ದಿಢೀರನೆ ನಿಲ್ಲಿಸಿದ್ದಾರೆಯೇ? ವಾರ್ಡಿನಿಂದ ಇದ್ದಕ್ಕಿದ್ದಂತೆ ಐಸಿಯುಗೆ ಹೋಗಿದ್ದಾರೆಯೇ? ಸುಳಿವು ಸಿಕ್ಕ ಮಾತ್ರಕ್ಕೆ ಹಾನಿ ಆಗಿದೆ ಎಂದಲ್ಲ. ಹುಟ್ಟಿದ ಪ್ರತಿ ಮಗುವಿಗೂ ವಿಟಮಿನ್ ಕೆ ಕೊಡುವುದು ವಾಡಿಕೆ, ಅಲ್ಲಿ ಏನೂ ತಪ್ಪಿಲ್ಲ. ಸುಳಿವು ಸಿಕ್ಕಾಗ ಅದರ ಹಿಂದೆ ಮುಂದೆ ಓದಿ, ನಿಜವಾಗಿ ಹಾನಿ ಆಗಿದೆಯೇ ಎಂದು ನೋಡಬೇಕು.

ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ ಸಂಸ್ಥೆಯ ಗ್ಲೋಬಲ್ ಟ್ರಿಗರ್ ಟೂಲ್ ಇದನ್ನು ಒಂದು ಕ್ರಮಕ್ಕೆ ತಂದಿದೆ. ಎರಡು ವಾರಕ್ಕೊಮ್ಮೆ, ಡಿಸ್ಚಾರ್ಜ್ ಆದವರ ಕೇಸ್ ಶೀಟ್‌ಗಳಲ್ಲಿ ಹತ್ತನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳಬೇಕು. ಒಂದೊಂದಕ್ಕೆ 20 ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಇಬ್ಬರು, ಸಾಮಾನ್ಯವಾಗಿ ನರ್ಸ್ ಅಥವಾ ಫಾರ್ಮಾಸಿಸ್ಟ್, ಬೇರೆ ಬೇರೆಯಾಗಿ ಓದುತ್ತಾರೆ. ಆಮೇಲೆ ಒಬ್ಬ ವೈದ್ಯರು ಅವರ ತೀರ್ಮಾನವನ್ನು ಪರಿಶೀಲಿಸುತ್ತಾರೆ. ಎಣಿಸುವುದು ಇ ಯಿಂದ ಐ ವರೆಗಿನ ಹಾನಿಗಳನ್ನು ಮಾತ್ರ. ಯಾರ ತಪ್ಪು, ತಡೆಯಬಹುದಿತ್ತೇ ಎಂಬ ಚರ್ಚೆಗೆ ಈ ಸಾಧನ ಕೈ ಹಾಕುವುದೇ ಇಲ್ಲ. ಮೊದಲು ನನಗೆ ಇದು ಕೊರತೆ ಅನ್ನಿಸಿತ್ತು. ಈಗ ಅದೇ ಇದರ ಜಾಣತನ ಅನ್ನಿಸುತ್ತದೆ. ದೂರುವ ಮಾತೇ ಇಲ್ಲದಿದ್ದಾಗ ಓದುವವರು ಬಿಚ್ಚುಮನಸ್ಸಿನಿಂದ ಓದುತ್ತಾರೆ.

ಎಷ್ಟು ಸಿಗುತ್ತದೆ? 2011ರ ಒಂದು ಅಧ್ಯಯನದಲ್ಲಿ ಅಮೆರಿಕದ ಮೂರು ಆಸ್ಪತ್ರೆಗಳ 795 ಕೇಸ್ ಶೀಟ್‌ಗಳನ್ನು ನೋಡಿದರು. ಎಲ್ಲ ದಾರಿಗಳಿಂದ ಸಿಕ್ಕ ಹಾನಿಗಳು ಒಟ್ಟು 393. ಟ್ರಿಗರ್ ಟೂಲ್ 354ನ್ನು ಹಿಡಿದಿತ್ತು. ಬಿಲ್ಲಿಂಗ್ ಕೋಡ್‌ಗಳಿಂದ ಲೆಕ್ಕ ಹಾಕುವ ಸರಕಾರಿ ಸೂಚ್ಯಂಕ 35ನ್ನು. ಸಿಬ್ಬಂದಿಯ ವರದಿಗಳು 4ನ್ನು. ಆ ಮೂರೂ ಸಾಮಾನ್ಯ ಆಸ್ಪತ್ರೆಗಳಲ್ಲ, ಸುರಕ್ಷತೆಗೆ ಗಮನ ಕೊಡುತ್ತಾ ಬಂದವು. ಅಲ್ಲೇ ಹೀಗೆ.

ಇದೇ ಮಾದರಿಯಲ್ಲಿ ನಾರ್ತ್ ಕರೋಲಿನಾದ ಹತ್ತು ಆಸ್ಪತ್ರೆಗಳನ್ನು 2002ರಿಂದ 2007ರವರೆಗೆ ಅಳೆದರು. 100 ದಾಖಲಾತಿಗೆ ಸುಮಾರು 25 ಹಾನಿಗಳು. ಆರು ವರ್ಷದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. 1999ರ ವರದಿಯ ನಂತರ ಎಷ್ಟೊಂದು ಸಭೆ, ಸಮಿತಿ, ಪೋಸ್ಟರ್ ಆಗಿರಬಹುದು, ಯೋಚಿಸಿ. ಅಳೆಯದಿದ್ದರೆ ಎಲ್ಲ ಸುಧಾರಿಸಿದೆ ಎಂದೇ ಎಲ್ಲರೂ ನಂಬಿರುತ್ತಿದ್ದರು.

ಇದರ ಮಿತಿಯೂ ಗೊತ್ತಿರಲಿ. ಕೊಡಬೇಕಾದ ಔಷಧಿಯನ್ನು ಕೊಡದೇ ಬಿಟ್ಟದ್ದನ್ನು ಟ್ರಿಗರ್ ಟೂಲ್ ಎಣಿಸುವುದಿಲ್ಲ. ಹಾನಿಯಾಗದ ತಪ್ಪುಗಳನ್ನೂ ಬಿಟ್ಟುಬಿಡುತ್ತದೆ. ಕಂಪ್ಯೂಟರಿಗೇ ಸುಳಿವು ಹುಡುಕಲು ಬಿಟ್ಟರೆ ಕೆಲಸ ಇನ್ನೂ ಹಗುರ, ಆದರೆ ಅದರ ಕಣ್ಣಿಗೆ ಬೀಳುವುದೇ ಬೇರೆ. 1998ರ ಅಧ್ಯಯನವೊಂದರಲ್ಲಿ ಔಷಧಿಯಿಂದಾದ ಹಾನಿಗಳನ್ನು ಕಂಪ್ಯೂಟರ್ 275 ಹಿಡಿಯಿತು, ಕೇಸ್ ಶೀಟ್ ಓದಿದವರು 398, ವರದಿಗಳು 23. ಕಂಪ್ಯೂಟರ್ ಮತ್ತು ಕೇಸ್ ಶೀಟ್ ಎರಡಕ್ಕೂ ಸಿಕ್ಕವು ಬರೀ 76. ಪ್ರಯೋಗಾಲಯದ ಸಂಖ್ಯೆಯಲ್ಲಿ ಕಾಣುವ ಹಾನಿಯನ್ನು ಕಂಪ್ಯೂಟರ್ ಹಿಡಿಯುತ್ತದೆ. ‘ರೋಗಿ ಮಂಕಾಗಿದ್ದಾರೆ, ಮಾತು ತೊದಲುತ್ತಿದೆ’ ಎಂದು ನರ್ಸ್ ಬರೆದದ್ದನ್ನು ಓದುವ ಮನುಷ್ಯ ಹಿಡಿಯುತ್ತಾನೆ. ಒಂದೊಂದೂ ಬೇರೆ ಬೇರೆ ಕಣ್ಣಿನ ಜರಡಿ. ಒಂದರಲ್ಲಿ ಸೋರಿದ್ದು ಇನ್ನೊಂದರಲ್ಲಿ ನಿಲ್ಲುತ್ತದೆ.

ಈಗ ಪಕ್ಕದಲ್ಲಿ ನಿಂತು ನೋಡುವ ವಿಧಾನ. 1960ರ ದಶಕದ ಆರಂಭದಲ್ಲಿ ಅಮೆರಿಕದ ಫಾರ್ಮಸಿ ಸಂಶೋಧಕ ಕೆನೆತ್ ಬಾರ್ಕರ್ ಇದನ್ನು ರೂಪಿಸಿದರು. ನೋಡುವವರು ಔಷಧಿ ಚೀಟಿಯನ್ನು ಮೊದಲು ಓದುವುದಿಲ್ಲ. ನರ್ಸ್ ಏನು ಕೊಟ್ಟರು, ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಎಂದು ಸುಮ್ಮನೆ ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ವೈದ್ಯರ ಆದೇಶದ ಜೊತೆ ಹೋಲಿಸುತ್ತಾರೆ. ಅಪಾಯದ ತಪ್ಪು ಕಣ್ಣೆದುರೇ ನಡೆಯುತ್ತಿದ್ದರೆ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾರೋ ನೋಡುತ್ತಿದ್ದಾರೆ ಎಂದು ನರ್ಸ್‌ಗಳು ಹುಷಾರಾಗುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಹೊತ್ತು ಆಗುತ್ತಾರೆ. ಆದರೆ ಎಂಟ್ಹತ್ತು ರೋಗಿಗಳಿಗೆ ಔಷಧಿ ಕೊಡಬೇಕು, ನಡುವೆ ಫೋನು, ಸಂಬಂಧಿಕರ ಪ್ರಶ್ನೆ, ಕರೆಗಂಟೆ. ಇಂಥಲ್ಲಿ ನಟನೆ ಜಾಸ್ತಿ ಹೊತ್ತು ನಡೆಯುವುದಿಲ್ಲ.

ಇಲ್ಲಿ ಛೇದ, ಅಂದರೆ ಯಾವುದರಿಂದ ಭಾಗಿಸುತ್ತೇವೋ ಆ ಸಂಖ್ಯೆ, ಬಹಳ ಮುಖ್ಯ. ಕೊಟ್ಟ ಡೋಸ್‌ಗಳಷ್ಟೇ ಅಲ್ಲ, ಕೊಡಬೇಕಿದ್ದು ಬಿಟ್ಟುಹೋದ ಡೋಸ್‌ಗಳನ್ನೂ ಛೇದಕ್ಕೆ ಸೇರಿಸಬೇಕು. ಅದಿಲ್ಲದಿದ್ದರೆ ಮರೆತದ್ದು ಲೆಕ್ಕಕ್ಕೇ ಬರುವುದಿಲ್ಲ. ಬಾರ್ಕರ್ ತಂಡ 36 ಸಂಸ್ಥೆಗಳಲ್ಲಿ ಹೀಗೆ ಎಣಿಸಿ 2002ರಲ್ಲಿ ಹೇಳಿದ್ದು: ಶೇ. 19, ಅಂದರೆ ಹತ್ತಿರಹತ್ತಿರ ಐದರಲ್ಲಿ ಒಂದು ಡೋಸ್ ತಪ್ಪು. ಪತ್ರಿಕೆಗೆ ಒಳ್ಳೆಯ ತಲೆಬರಹ. ಒಳಗೆ ಹೋದರೆ ಅದರಲ್ಲಿ ಶೇ. 43 ಬರೀ ಸಮಯದ ತಪ್ಪು. ಅಪಾಯ ತರಬಹುದಾದವು ಶೇ. 7. ಸಮಯದ ತಪ್ಪನ್ನು ಬಿಟ್ಟರೆ ಆ 19 ಸುಮಾರು 11ಕ್ಕೆ ಇಳಿಯುತ್ತದೆ. ಬಿಡಬೇಕೇ? ಅದು ಔಷಧಿಯ ಮೇಲೆ ಹೋಗುತ್ತದೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಲೆವೊಡೋಪ ಒಂದು ಗಂಟೆ ತಡವಾದರೆ ಅವರು ಎದ್ದು ಕೂರಲೂ ಆಗದ ಸ್ಥಿತಿಗೆ ಹೋಗಬಹುದು. ರಕ್ತಕ್ಕೆ ನಂಜೇರಿದವರಿಗೆ ಆ್ಯಂಟಿಬಯೋಟಿಕ್ ತಡವಾಗಬಾರದು. ಕ್ಯಾಲ್ಸಿಯಂ ಮಾತ್ರೆ ತಡವಾದರೆ ಆಕಾಶ ಬೀಳುವುದಿಲ್ಲ. ಆದ್ದರಿಂದ ಸಮಯಕ್ಕೆ ಸರಿಯಾಗಿ ಕೊಡಲೇಬೇಕಾದ ಔಷಧಿಗಳ ಪಟ್ಟಿಯನ್ನು ಅಳೆಯುವ ಮೊದಲೇ ಮಾಡಿಕೊಳ್ಳಿ. ಸಂಖ್ಯೆ ನೋಡಿದ ಮೇಲೆ ಮಾಡಿದರೆ ಅದು ಸಮಜಾಯಿಷಿ ಆಗುತ್ತದೆ.

ಈ ವಿಧಾನಕ್ಕೆ ಜನ, ಸಮಯ ಎರಡೂ ಬೇಕು. ವರ್ಷಪೂರ್ತಿ ಮಾಡಲು ಆಗುವುದಿಲ್ಲ. ಏನಾದರೂ ಬದಲಾವಣೆ ತರುವ ಮೊದಲು ಮತ್ತು ತಂದ ಮೇಲೆ ಮಾಡಿದರೆ ಸಾಕು. ಬೋಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಳಿ ಬಾರ್‌ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ತಂದಾಗ ಹೀಗೇ ಅಳೆದರು. 2010ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 14 ಸಾವಿರಕ್ಕೂ ಹೆಚ್ಚು ಡೋಸ್‌ಗಳಿವೆ. ಸಮಯದ ತಪ್ಪು ಬಿಟ್ಟು ಉಳಿದ ತಪ್ಪುಗಳು ಶೇ. 11.5ರಿಂದ 6.8ಕ್ಕೆ ಇಳಿದವು. ಇನ್ಸಿಡೆಂಟ್ ರಿಪೋರ್ಟ್ ಎಣಿಸಿದ್ದರೆ ಈ ಇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೂಲದಲ್ಲೇ ಕಾಣದಿದ್ದದ್ದು ಇಳಿದರೆ ಗೊತ್ತಾಗುವುದು ಹೇಗೆ?

ಕಂಪ್ಯೂಟರ್ ಅಂದೆನಲ್ಲ, ವೈದ್ಯರು ಔಷಧಿ ಆದೇಶ ಹಾಕುವ ಕಂಪ್ಯೂಟರನ್ನೂ ಪರೀಕ್ಷೆ ಮಾಡಬೇಕು. ಇಲ್ಲದ ರೋಗಿಗಳನ್ನು ಸೃಷ್ಟಿಸಿ, ಅವರ ಹೆಸರಲ್ಲಿ ಬೇಕೆಂದೇ ಅಪಾಯದ ಔಷಧಿ ಆದೇಶಗಳನ್ನು ಹಾಕಿ, ಕಂಪ್ಯೂಟರ್ ಎಚ್ಚರಿಸುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆಯಿದೆ. 2010ರಲ್ಲಿ 62 ಆಸ್ಪತ್ರೆಗಳ ಫಲಿತಾಂಶ ಬಂತು. ಜೀವಕ್ಕೇ ಎರವಾಗಬಲ್ಲ ಆದೇಶಗಳಲ್ಲಿ ಕಂಪ್ಯೂಟರ್‌ಗಳು ಹಿಡಿದದ್ದು ಶೇ. 53. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಂದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡವರಿಗೆ ಈ ಸಂಖ್ಯೆ ತೋರಿಸಿ.

ಆಸ್ಪತ್ರೆಗೆ ಸೇರುವಾಗಿನ ಔಷಧಿ ಪಟ್ಟಿಯ ಬಗ್ಗೆಯೂ ಒಂದು ಮಾತು. ರೋಗಿ ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳಿಗೂ ವಾರ್ಡಿನಲ್ಲಿ ಬರೆದದ್ದಕ್ಕೂ ತಾಳೆ ನೋಡಬೇಕು. ಕೆನಡಾದ 2005ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಯಾರೂ ಬೇಕೆಂದು ಮಾಡದ ವ್ಯತ್ಯಾಸ ಒಂದಾದರೂ ಇತ್ತು. ಹೆಚ್ಚಾಗಿ ಬಿಟ್ಟುಹೋದ ಮಾತ್ರೆಗಳೇ. ಒಬ್ಬ ರೋಗಿಗೆ ಇಂಥ ಎಷ್ಟು ವ್ಯತ್ಯಾಸ ಎಂದು ಎಣಿಸುವುದು ಸುಲಭ, ಅದೂ ಹಾನಿ ಆಗುವ ಮೊದಲೇ. ಸುರಕ್ಷತಾ ಸಂಸ್ಕೃತಿಯ ಪ್ರಶ್ನಾವಳಿಗಳೂ ಇವೆ. ಸಿಬ್ಬಂದಿಗೆ ಮಾತಾಡಲು ಭಯ ಇದೆಯೇ ಎಂದು ಅವು ಹೇಳುತ್ತವೆ. ವರದಿಗಳ ಸಂಖ್ಯೆಯನ್ನು ಅದರ ಪಕ್ಕ ಇಟ್ಟು ಓದಿದರೆ ಅರ್ಥ ಬರುತ್ತದೆ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಔಷಧಿಯಿಂದ ಆಗುವ ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕು ಎಂದು ಜಗತ್ತಿಗೆ ಕರೆ ಕೊಟ್ಟಿತು. ಒಳ್ಳೆಯ ಗುರಿ. ಆದರೆ ಅರ್ಧ ಮಾಡಬೇಕು ಅಂದರೆ ಪೂರ್ತಿ ಎಷ್ಟು ಅಂತ ಮೊದಲು ಗೊತ್ತಿರಬೇಕಲ್ವಾ?

ಮಾತು ಮುಗಿಸಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ‘ಸರ್, ನಮ್ಮದು ಚಿಕ್ಕ ಆಸ್ಪತ್ರೆ. ಕಂಪ್ಯೂಟರ್ ಇಲ್ಲ, ಹೆಚ್ಚುವರಿ ಜನ ಇಲ್ಲ. ಎಲ್ಲಿಂದ ಶುರು ಮಾಡಲಿ?’ ಎಂದು ಒಬ್ಬ ನರ್ಸ್ ಕೇಳಿದರು.

ಔಷಧಿ ಅಂಗಡಿಯ ರಿಜಿಸ್ಟರಿನಿಂದ ಶುರು ಮಾಡಮ್ಮ, ಎಂದೆ. ಪ್ರತಿ ವಾರ ನಾಲೊಕ್ಸೋನ್, ವಿಟಮಿನ್ ಕೆ, ರಕ್ತದ ಸಕ್ಕರೆ ಇಳಿದಾಗ ಕೊಡುವ ಗಾಢ ಡೆಕ್ಸ್‌ಟ್ರೋಸ್ ಯಾರ ಹೆಸರಲ್ಲಿ ಹೋಗಿವೆ ಎಂದು ನೋಡಿ. ನವಜಾತ ಶಿಶುಗಳನ್ನು ಬಿಟ್ಟುಬಿಡಿ. ಉಳಿದವರ ಕೇಸ್ ಶೀಟ್ ತೆಗೆದು, ಆ ಇಂಜೆಕ್ಷನ್ ಯಾಕೆ ಬೇಕಾಯಿತು ಎಂದು ಓದಿ. ನಿಜವಾಗಿ ಹಾನಿಯಾದದ್ದನ್ನು ಮಾತ್ರ ಬರೆದುಕೊಳ್ಳಿ. ತಿಂಗಳಿಗೆ ಒಂದೋ ಎರಡೋ ಸಿಗಬಹುದು. ಅಷ್ಟು ಸಣ್ಣ ಸಂಖ್ಯೆಗೆ ಶೇಕಡಾ ಲೆಕ್ಕ ಹಾಕಬೇಡಿ. ಒಂದು ಘಟನೆಗೂ ಮುಂದಿನ ಘಟನೆಗೂ ನಡುವೆ ಎಷ್ಟು ದಿನ ಕಳೆಯಿತು ಎಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಹೋಗಿ. ಹತ್ತಾರು ಚುಕ್ಕಿ ಸೇರಿದ ಮೇಲೆ ನಡುವಿನ ಬೆಲೆಗೆ ಒಂದು ಗೆರೆ ಎಳೆಯಿರಿ. ಆಮೇಲೆ ಬರುವ ಚುಕ್ಕಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಸತತವಾಗಿ ಆರು ಚುಕ್ಕಿ ಗೆರೆಯ ಒಂದೇ ಬದಿಗೆ ಬಿದ್ದರೆ ಏನೋ ಬದಲಾಗಿದೆ ಎಂದರ್ಥ. ಆಗ ವೈದ್ಯರನ್ನೂ ಫಾರ್ಮಾಸಿಸ್ಟನ್ನೂ ಕೂರಿಸಿಕೊಂಡು ಹಾಳೆಯನ್ನು ಮುಂದಿಡಿ.